ಸಿದ್ದಾಪುರದ ಅಕ್ಷರಗುಂಡು: 2,200 ವರ್ಷ ಹಳೆಯ ಆಫೀಸ್ ಲೆಟರ್

ಇವತ್ತು ಕೇಳ್ತಾ ಕೇಳ್ತಾ ನಡೆಯೋಣ. ಚಳ್ಳಕೆರೆ ಕಡೆಯಿಂದ ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರಕ್ಕೆ ಬನ್ನಿ, ಬ್ರಹ್ಮಗಿರಿ ಬೆಟ್ಟದ ಹತ್ತಿರ ಗಾಡಿ ನಿಲ್ಲಿಸಿ. ಮೊಳಕಾಲ್ಮೂರು ಅಂದ್ರೆ ರೇಷ್ಮೆ ಸೀರೆ ನೆನಪಾಗುತ್ತೆ, ಅದಕ್ಕೆ ಬೇರೆ ಎಪಿಸೋಡೇ ಬೇಕು. ಇವತ್ತು ಒಂದು ಬಂಡೆಯ ಕಥೆ.

ಮೌರ್ಯರ ಕಾಲದಲ್ಲಿ ಇಲ್ಲಿದ್ದ ಪಟ್ಟಣದ ಹೆಸರು ಇಸಿಲ. ಆ ಹೆಸರು ಗೊತ್ತಾಗಿದ್ದೇ ಈ ಬಂಡೆಯಿಂದ. ಅಶೋಕನ ಶಾಸನ ಇದು, ಕ್ರಿ.ಪೂ. 3ನೇ ಶತಮಾನದ್ದು. ಆದ್ರೆ ಆಫೀಸ್ ಲೆಟರ್ ಅಂದ್ಕೊಂಡು ಓದಿ, ಚೆನ್ನಾಗಿ ಅರ್ಥವಾಗುತ್ತೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಅಲ್ಲಿನ ಮಹಾಮಾತ್ರರ ಜೊತೆ ಸೇರಿ ಇಸಿಲದ ಮಹಾಮಾತ್ರರಿಗೆ ಕಳಿಸಿದ ಪತ್ರ. ಶುರುವಿನಲ್ಲೇ ಆರೋಗ್ಯದ ಹಾರೈಕೆ. ಆಮೇಲೆ ರಾಜನ ಆಜ್ಞೆ: ತಂದೆ ತಾಯಿ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿಸಿ, ಸತ್ಯ ಹೇಳಿ, ಶಿಷ್ಯರು ಗುರುಗಳನ್ನು ಗೌರವಿಸಲಿ.

ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ‘ಲಿಪಿಕಾರ’ ಅನ್ನೋ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ, ಈಗಿನ ಪಾಕಿಸ್ತಾನದ ಪೇಶಾವರ ಸುತ್ತಮುತ್ತಲಿನದು. ಇಸಿಲದಲ್ಲಿ ಅದನ್ನು ಓದೋರು ಎಷ್ಟು ಜನ ಇದ್ದಿರಬಹುದು? ನನಗಂತೂ ಇದು ‘ನನಗೆ ಎರಡು ಲಿಪಿ ಬರುತ್ತೆ’ ಅನ್ನೋ ಸಣ್ಣ ಜಂಬದ ಹಾಗೆ ಕಾಣುತ್ತೆ.

ಮುಂದೆ ಬ್ರಾಹ್ಮಿ ಓದೋದೇ ಮರೆತುಹೋಯ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು ಪತ್ತೆ ಮಾಡಿದರು. ‘ಪತ್ತೆ’ ಅನ್ನೋದು ನಮ್ಮ ಮಾತು, ಊರಿನವರಿಗೆ ಬಂಡೆ ಮೊದಲೇ ಗೊತ್ತಿತ್ತು. ‘ಅಕ್ಷರಗುಂಡು’ ಅಂತ ಕರೀತಿದ್ದರು, ಅದರ ಮೇಲೆ ಸುರಿದ ನೀರನ್ನು ಔಷಧಿ ಅಂತ ಕುಡೀತಿದ್ದರು. ಆರೋಗ್ಯ ಹಾರೈಸೋ ಪತ್ರ ಅದು ಅಂತ ಅವರಿಗೆ ಹೇಗೆ ಗೊತ್ತಿರಬೇಕು! ಬಂಡೆಯನ್ನು ಜಲ್ಲಿ ಒಡೆಯದೆ ಉಳಿಸಿದ್ದು ಆ ನಂಬಿಕೆಯೂ ಇರಬಹುದು.

1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆದಾಗ ಕಲ್ಲುಕೊಡಲಿ ಬಳಸಿದವರ ಕುರುಹು, ದೊಡ್ಡ ಕಲ್ಲುಗಳ ಸಮಾಧಿ ಸಿಕ್ಕವು. ಅಂದ್ರೆ ಪತ್ರ ಬರೋ ಎಷ್ಟೋ ಕಾಲ ಮೊದಲೇ ಇಲ್ಲಿ ಜನ ಇದ್ದರು.

ಇನ್ನು ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋಗೋಣ. ಜಟಾಯು ಬಿದ್ದ ಜಾಗ ಅನ್ನುತ್ತೆ ಸ್ಥಳಪುರಾಣ. ಅಲ್ಲೂ ಇದೇ ಪತ್ರದ ಇನ್ನೊಂದು ಪ್ರತಿ ಇದೆ. ಜಾತ್ರೆಯಲ್ಲಿ ಬಳೆಗಾರರು ಆ ಬಂಡೆ ಮೇಲೆ ಅಂಗಡಿ ಹಾಕ್ತಿದ್ದರಂತೆ, ಅದಕ್ಕೇ ಹೆಸರು ‘ಬಳೆಗಾರ ಗುಂಡು’. ಅಕ್ಷರ ತುಂಬಾ ಸವೆದಿವೆ. ಫೋಟೋದಲ್ಲಿ ಎದ್ದು ಕಾಣಲಿ ಅಂತ ಸೀಮೆಸುಣ್ಣ ಮಾತ್ರ ತಿಕ್ಕಬೇಡಿ. ನೀರಿನ ಬಾಟಲಿ ತುಂಬಿಸ್ಕೊಳ್ಳಿ, ಹತ್ತೋಣ.