ಒಂದೇ ಗೆರೆ, ಎರಡು ಗಾಂಧಾರ

ದರ್ಬಾರಿ ಕಾನಡಾದ ಗಾಂಧಾರವನ್ನೂ ಭೀಮಪಲಾಸಿಯ ಗಾಂಧಾರವನ್ನೂ ಭಾತಖಂಡೆ ಸ್ವರಲಿಪಿಯಲ್ಲಿ ಒಂದೇ ಬಗೆಯಲ್ಲಿ ಬರೆಯುತ್ತಾರೆ: 'ಗ', ಅದರ ಕೆಳಗೊಂದು ಅಡ್ಡಗೆರೆ. ಗೆರೆಯಿದ್ದರೆ ಕೋಮಲ. ಆದರೆ ಹಾಡಿದಾಗ ಅವು ಒಂದೇ ಅಲ್ಲ. ದರ್ಬಾರಿಯ ಗಾಂಧಾರ ನಿಧಾನವಾಗಿ ತೂಗುತ್ತ ಕೆಳಕ್ಕೆ ವಾಲುತ್ತದೆ. ಆ ತೂಗಾಟಕ್ಕೆ ಗೆರೆಯಲ್ಲಿ ಜಾಗವಿಲ್ಲ. ಅದನ್ನು ಕಿವಿಯೇ ಹಿಡಿಯಬೇಕು. ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಯುವವರಿಗೆ ಈ ಕಿವಿ ಎಲ್ಲಿಂದ ಬರಬೇಕು?

ವಿಷ್ಣು ನಾರಾಯಣ ಭಾತಖಂಡೆ (1860–1936) ಕಾನೂನು ಓದಿದವರು. ಅವರ ಕಾಲದಲ್ಲಿ ಎಷ್ಟೋ ಚೀಜುಗಳು ಉಸ್ತಾದರ ಮನೆತನಗಳೊಳಗೇ ಉಳಿದಿದ್ದವು. ಮಗನಿಗೋ ಮೆಚ್ಚಿನ ಶಿಷ್ಯನಿಗೋ ಮಾತ್ರ ದಕ್ಕುತ್ತಿದ್ದವು. ಭಾತಖಂಡೆ ಊರೂರು ತಿರುಗಿ ಕೇಳಿದರು, ಬರೆದುಕೊಂಡರು. ದಕ್ಷಿಣಕ್ಕೂ ಬಂದರು. ವೆಂಕಟಮಖಿಯ 72 ಮೇಳಗಳ ಯೋಜನೆಯನ್ನು ಅರಿತು, ಹಿಂದುಸ್ತಾನಿ ರಾಗಗಳನ್ನು 10 ಥಾಟುಗಳಲ್ಲಿ ವಿಂಗಡಿಸಿದರು. ಸಂಗ್ರಹಿಸಿದ ಚೀಜುಗಳನ್ನು 'ಕ್ರಮಿಕ ಪುಸ್ತಕ ಮಾಲಿಕಾ'ದ ಆರು ಭಾಗಗಳಲ್ಲಿ ಎಲ್ಲರ ಕೈಗೂ ಸಿಗುವಂತೆ ಮಾಡಿದರು. 1916ರ ಬರೋಡಾ ಸಂಗೀತ ಸಮ್ಮೇಳನದ ಹಿಂದೆಯೂ, 1926ರಲ್ಲಿ ಲಖನೌದಲ್ಲಿ ಶುರುವಾದ ಮ್ಯಾರಿಸ್ ಕಾಲೇಜಿನ ಹಿಂದೆಯೂ ಅವರಿದ್ದರು. ಪಠ್ಯಕ್ರಮ, ತರಗತಿ, ಪರೀಕ್ಷೆ: ಹಾಡುವ ಮನೆತನದಲ್ಲಿ ಹುಟ್ಟದವರಿಗೂ ಸಂಗೀತದ ಬಾಗಿಲು ಹೀಗೆ ತೆರೆಯಿತು. ಅದೇ ಸಂಸ್ಥೆ 2000ದಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು.

ಆದರೆ ಭಾತಖಂಡೆಯವರ ಪ್ರಮುಖ ಶಿಷ್ಯ ಶ್ರೀಕೃಷ್ಣ ರಾತಂಜನಕರ್ ಪುಸ್ತಕದಿಂದಷ್ಟೇ ಗಾಯಕರಾಗಲಿಲ್ಲ. ಬರೋಡಾದಲ್ಲಿ ಉಸ್ತಾದ್ ಫೈಯಾಜ್ ಖಾನರ ಬಳಿ ಕಲಿತರು. ಮುಂದೆ ಅವರು ಲಖನೌ ಕಾಲೇಜಿನ ಪ್ರಾಂಶುಪಾಲರಾದಾಗ, ನಮ್ಮ ಬೈಲಹೊಂಗಲದಲ್ಲಿ 1925ರಲ್ಲಿ ಹುಟ್ಟಿದ ಕೆ. ಜಿ. ಗಿಂಡೆ ಹನ್ನೊಂದರ ವಯಸ್ಸಿನಲ್ಲಿ ಅವರಲ್ಲಿಗೆ ಹೋದರು. ಕಾಲೇಜಿನಲ್ಲಿ ಕಲಿತದ್ದಷ್ಟೇ ಅಲ್ಲ, ಗುರುವಿನ ಮನೆಯಲ್ಲೇ ಬೆಳೆದರು. ಮುಂದೆ ಅಪಾರ ಬಂದಿಶ್‌ಗಳನ್ನು ಕಂಠಸ್ಥವಾಗಿಟ್ಟುಕೊಂಡ ವಿದ್ವಾಂಸರೆಂದು ಹೆಸರಾದರು.

ಗುರುವಿನ ಮನೆಯ ಕಟ್ಟುಪಾಡಿನಿಂದ ಸಂಗೀತವನ್ನು ಬಿಡಿಸಲು ಹುಟ್ಟಿದ ಕಾಲೇಜಿನ ಅತ್ಯುತ್ತಮ ಫಲವೊಂದು ಗುರುವಿನ ಮನೆಯಲ್ಲೇ ಮಾಗಿತು. ಇದನ್ನು ಮುಂದಿಟ್ಟು ಸ್ವರಲಿಪಿ ಸೋತಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಪುಸ್ತಕಗಳೂ ಕಾಲೇಜೂ ಇಲ್ಲದಿದ್ದರೆ ಬೈಲಹೊಂಗಲದ ಹುಡುಗ ಲಖನೌಗೆ ಹೋಗಲು ಕಾರಣವೇ ಇರುತ್ತಿರಲಿಲ್ಲ. ಆದರೆ ಗುರುವಿನ ಮನೆಯಲ್ಲಿ ಎಷ್ಟು ಮಕ್ಕಳಿಗೆ ಜಾಗವಿದ್ದೀತು? ಉಳಿದವರಿಗೆ ಸಿಗುವುದು ತರಗತಿಯೊಂದೇ.

ಪರೀಕ್ಷೆಯಲ್ಲಿ ರಾಗ ಗುರುತಿಸು, ಸ್ವರ ಹೇಳು, ಚೀಜ್ ಹಾಡು ಎಂದು ಕೇಳಬಹುದು. ಅಂಕವನ್ನೂ ಕೊಡಬಹುದು. ದರ್ಬಾರಿಯ ಗಾಂಧಾರಕ್ಕೆ ಬೇಕಿರುವುದು ಸಮಯ. ತಂಬೂರಿಯ ಮುಂದೆ ಕೂತು ಎರಡು ರಾಗಗಳ ಒಂದೇ ಗೆರೆಯ ಸ್ವರವನ್ನು ಹತ್ತಾರು ಸಲ ಕೇಳಿ, ಹಾಡಿ, ತಪ್ಪಿ, ತಿದ್ದಿಸಿಕೊಳ್ಳುವ ಸಮಯ. ವೇಳಾಪಟ್ಟಿಯಲ್ಲಿ ಅದು ಸಿಗದೆ ಹೋದರೆ, ಒಂದು ಕಾಲಕ್ಕೆ ಉಸ್ತಾದರ ಮನೆಬಾಗಿಲಲ್ಲಿ ನಿಂತಿದ್ದವರು ಈಗ ತರಗತಿಯ ಒಳಗೆ ಕೂತೂ ಹೊರಗೇ ಉಳಿಯುತ್ತಾರೆ.