ಕೈಗೆ ಕೆಲಸ, ಕಿವಿಗೆ ಕಥೆ

ಡಿಸೆಂಬರ್ ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ. "ರಜಾ ಇದೆ, ಚಳಿ ಇದೆ, ಹೊರಗೆ ಹೋಗೋಕೆ ಮನಸ್ಸಿಲ್ಲ. ಮನೇಲೇ ಕೂತು ನೋಡೋಕೆ ಏನಾದ್ರೂ ಒಳ್ಳೇದು ಹೇಳ್ರಪ್ಪಾ!" ಅರ್ಧ ಗಂಟೆಯೊಳಗೆ ಉದ್ದದ ಪಟ್ಟಿ ತಯಾರು. ಬೆಂಗಳೂರಿನ ಚಳಿ ಎಷ್ಟರದ್ದು ಹೇಳಿ? ಬೆಳಿಗ್ಗೆ ಒಂದು ಸ್ವೆಟರ್, ಹತ್ತು ಗಂಟೆಗೆಲ್ಲ ಬಿಸಿಲು. ಇಷ್ಟಕ್ಕೇ ನಮಗೆ ಇಷ್ಟೆಲ್ಲ ಸರಂಜಾಮು ಬೇಕು. ಹಾಗಾದ್ರೆ ಮಧ್ಯಾಹ್ನ ಮೂರೂವರೆಗೇ ಸೂರ್ಯ ಮುಳುಗಿ, ಮರುದಿನ ಹನ್ನೊಂದು ದಾಟಿದ ಮೇಲೆ ಹುಟ್ಟುವ ಊರಿನವರು, ಕರೆಂಟೇ ಇಲ್ಲದ ಕಾಲದಲ್ಲಿ, ಚಳಿಗಾಲವನ್ನ ಹೇಗೆ ಕಳೀತಿದ್ರು?

ನಾನು ಹೇಳ್ತಿರೋದು ಐಸ್‌ಲ್ಯಾಂಡಿನ ವಿಷಯ. ಉತ್ತರ ಧ್ರುವ ವೃತ್ತಕ್ಕೆ ತಾಗಿಕೊಂಡಂತಿರುವ ಆ ದ್ವೀಪದ ರಾಜಧಾನಿ ರೇಕ್ಯಾವಿಕ್‌ನಲ್ಲಿ ಡಿಸೆಂಬರ್ ಕೊನೆಯ ಹಗಲು ನಾಲ್ಕು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಲ್ಲಿ ಮರ ಕಮ್ಮಿ. ಹಾಗಾಗಿ ಹುಲ್ಲಿನ ಬೇರುಸಹಿತ ಮಣ್ಣಿನ ಹೆಂಟೆ ಕತ್ತರಿಸಿ, ಕಲ್ಲಿನ ಜೊತೆ ಪೇರಿಸಿ ಮನೆ ಕಟ್ಟುತ್ತಿದ್ದರು. ಸೌದೆ ಇಲ್ಲದ್ದರಿಂದ ಕೋಣೆ ಕೋಣೆಗೆ ಬೆಂಕಿ ಹಾಕುವ ಮಾತೇ ಇಲ್ಲ. ಮನೆಮಂದಿ, ಆಳುಕಾಳು ಎಲ್ಲರಿಗೂ ಸೇರಿ ಒಂದೇ ಉದ್ದನೆಯ ಕೋಣೆ. ಅದರ ಹೆಸರು ಬಾದ್‌ಸ್ತೋವಾ. ಗೋಡೆಯುದ್ದಕ್ಕೂ ಮಂಚಗಳು. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಕೆಲಸ. ಬೆಚ್ಚಗಿರೋದು ಬಹುಪಾಲು ಒಬ್ಬರ ಮೈಯ ಬಿಸಿ ಇನ್ನೊಬ್ಬರಿಗೆ ತಾಗಿ.

ಈ ಕೋಣೆಯಲ್ಲಿ ಚಳಿಗಾಲದ ಪ್ರತಿ ರಾತ್ರಿ ನಡೀತಿದ್ದದ್ದು 'ಕ್ವೋಲ್ಡ್‌ವಾಕಾ'. ಸಂಜೆಯ ಎಚ್ಚರ ಅಂತ ಅರ್ಥ ಮಾಡ್ಕೊಳ್ಳಿ. ಅದಕ್ಕೊಂದು ಶಿಸ್ತು ಇತ್ತು. ಮುಸ್ಸಂಜೆಗೆ ಎಲ್ಲರೂ ಸ್ವಲ್ಪ ಹೊತ್ತು ಮಲಗಿಬಿಡೋರು, ದೀಪದ ಎಣ್ಣೆ ಉಳಿಯಲಿ ಅಂತ. ಪೂರ್ತಿ ಕತ್ತಲಾದ ಮೇಲೆ ಮೀನೆಣ್ಣೆಯ ದೀಪ ಹಚ್ಚಿ, ತಂತಮ್ಮ ಮಂಚದ ಮೇಲೆ ಕೂತು ಉಣ್ಣೆಯ ಕೆಲಸ ಶುರು: ಒಬ್ಬರು ಉಣ್ಣೆ ಬಿಡಿಸಿ ಹದ ಮಾಡೋದು, ಒಬ್ಬರು ನೂಲೋದು, ಗಂಡಸರು ಹೆಂಗಸರು ಮಕ್ಕಳು ಅನ್ನದೆ ಹೆಣೆಯೋದು. ಒಬ್ಬರಿಗೆ ಮಾತ್ರ ಇದರಿಂದ ವಿನಾಯಿತಿ. ಅವರು ದೀಪದ ಪಕ್ಕ ಕೂತು ಗಟ್ಟಿಯಾಗಿ ಓದಬೇಕು. ಆ ರಾತ್ರಿಯ ಮಟ್ಟಿಗೆ ಓದೋದೇ ಅವರ ಪಾಲಿನ ಕೆಲಸ. ಕೊನೆಗೆ ಪ್ರಾರ್ಥನೆಯ ಪುಸ್ತಕದಿಂದ ಒಂದಿಷ್ಟು ಓದಿ, ದೀಪ ಆರಿಸಿ ಮಲಗೋದು.

ಏನು ಓದ್ತಿದ್ರು ಅಂದ್ರೆ, ಮುಖ್ಯವಾಗಿ ಸಾಗಾಗಳು. ಸುಮಾರು 12ರಿಂದ 14ನೇ ಶತಮಾನದ ನಡುವೆ ಐಸ್‌ಲ್ಯಾಂಡಿನ ಭಾಷೆಯಲ್ಲೇ ಬರೆದ ಗದ್ಯಕಥೆಗಳಿವು. ದ್ವೀಪಕ್ಕೆ ಮೊದಲು ಬಂದು ನೆಲೆಸಿದ ಕುಟುಂಬಗಳ ಜಗಳ, ಕೋರ್ಟು, ಕೊಲೆ, ಮದುವೆಗಳ ಕಥೆ. ಇನ್ನೊಂದು 'ರೀಮುರ್'. ಇದೇ ಬಗೆಯ ಕಥೆಗಳನ್ನು ಪ್ರಾಸಬದ್ಧ ಪದ್ಯ ಮಾಡಿ, ವಾದ್ಯ ಇಲ್ಲದೆ ಒಬ್ಬರೇ ರಾಗವಾಗಿ ಹೇಳೋದು. ನಮ್ಮ ಗಮಕ ಕೇಳಿದವರಿಗೆ ಅಂದಾಜು ಸಿಗುತ್ತೆ. ಚೆನ್ನಾಗಿ ಹಾಡಬಲ್ಲವರು ಚಳಿಗಾಲದಲ್ಲಿ ಮನೆಯಿಂದ ಮನೆಗೆ ಹೋಗೋರು. ಊಟ, ಹಾಸಿಗೆಯೇ ಸಂಭಾವನೆ.

ಕಥೆ ಸಪ್ಪೆ ಇರಬಹುದು ಅಂದ್ಕೋಬೇಡಿ. ನ್ಯಾಲ್ ಸಾಗಾದ ಒಂದು ಪ್ರಸಂಗ ಕೇಳಿ. ಗುನ್ನಾರ್ ಅನ್ನೋ ವೀರನ ಮನೆಯನ್ನ ವೈರಿಗಳು ಮುತ್ತಿದ್ದಾರೆ. ಅವನ ಬಿಲ್ಲಿನ ಹೆದೆ ತುಂಡಾಗುತ್ತೆ. ಹೆಂಡತಿ ಹಾಲ್ಗೆರ್ಡ್‌ಳನ್ನ ಕೇಳ್ತಾನೆ: ನಿನ್ನ ಉದ್ದ ಕೂದಲಿನ ಎರಡು ಎಳೆ ಕೊಡು, ಹೊಸೆದು ಹೆದೆ ಮಾಡ್ಕೋತೀನಿ. ಇದರ ಮೇಲೆ ನಿನ್ನ ಜೀವ ನಿಂತಿದೆಯಾ ಅಂತ ಅವಳ ಪ್ರಶ್ನೆ. ಹೌದು ಅಂತಾನೆ. ಹಾಗಾದ್ರೆ ನೀನು ಹಿಂದೆ ನನ್ನ ಕೆನ್ನೆಗೆ ಹೊಡೆದದ್ದನ್ನ ನೆನಪಿಸ್ತೀನಿ, ಕೊಡಲ್ಲ ಅಂತಾಳೆ. ಗುನ್ನಾರ್ ಸಾಯ್ತಾನೆ. ಆ ಏಟಿಗೂ ಒಂದು ಹಿಂದಿನ ಕಥೆ ಇದೆ: ಬರಗಾಲದಲ್ಲಿ ಅವಳು ಆಳನ್ನ ಕಳಿಸಿ ಪಕ್ಕದವರ ಮನೆಯಿಂದ ಆಹಾರ ಕದಿಸಿದ್ದಳು. ಈಗ ಹೇಳಿ, ತಪ್ಪು ಯಾರದ್ದು? ದ್ರೌಪದಿಯ ಮುಡಿಯ ಬಗ್ಗೆ ಇವತ್ತಿಗೂ ಜಗಳ ಆಡುವ ನಮಗೆ, ಆ ಕೋಣೆಯಲ್ಲಿ ಸೂಜಿ ನಿಲ್ಲಿಸಿ ಎಂಥಾ ವಾದ ನಡೆದಿರಬಹುದು ಅಂತ ಊಹಿಸೋದು ಕಷ್ಟವಲ್ಲ.

ಮಲೆನಾಡಿನ ಕಡೆಯವರಿಗೆ ಇದೆಲ್ಲ ಗುರುತಿನ ಚಿತ್ರವೇ. ನಮ್ಮಲ್ಲಿ ಅಡಿಕೆ ಕೊಯ್ಲು ಬರೋದೂ ಚಳಿಗಾಲದಲ್ಲೇ. ರಾತ್ರಿ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ಸುಲಿಯುವಾಗ ಕೈಗೆ ಕೆಲಸ, ಕಿವಿ ಖಾಲಿ. ಆ ಖಾಲಿ ತುಂಬೋಕೆ ಕಥೆ, ಒಗಟು, ಯಕ್ಷಗಾನದ ಪದ, ಆಮೇಲೆ ರೇಡಿಯೋ. ನಮ್ಮ ಮನೇಲಿ ಗದುಗಿನ ಭಾರತವನ್ನ ತಡವರಿಸದೆ ಗಟ್ಟಿಯಾಗಿ ಓದಬಲ್ಲವರಾಗಿದ್ದದ್ದು ಅಜ್ಜ ಒಬ್ಬರೇ. ಅವರ ನಂತರ ಆ ಪುಸ್ತಕ ಕಪಾಟಿನಲ್ಲಿದೆ, ಓದುವ ದನಿ ಇಲ್ಲ.

ಹಾಗಂತ ಇದನ್ನ ಸುವರ್ಣಯುಗ ಅಂತ ಹಾಡಿ ಹೊಗಳೋದೂ ಬೇಡ. ಕ್ವೋಲ್ಡ್‌ವಾಕಾ ಅಂದ್ರೆ ನಮ್ಮ ಭಾಷೆಯಲ್ಲಿ ನೈಟ್ ಶಿಫ್ಟ್. ಭೂಮಿ ಇಲ್ಲದವರು ಯಾವುದಾದರೂ ರೈತನ ಮನೆಯಲ್ಲಿ ವರ್ಷದ ಲೆಕ್ಕದಲ್ಲಿ ಆಳಾಗಿ ಇರಲೇಬೇಕು ಅನ್ನೋ ಕಟ್ಟಳೆ 15ನೇ ಶತಮಾನದಿಂದ 19ನೇ ಶತಮಾನದ ಕೊನೆಯವರೆಗೂ ಒಂದಲ್ಲ ಒಂದು ರೂಪದಲ್ಲಿತ್ತು. ಅವರು ಹೆಣೆದ ಕಾಲುಚೀಲ, ಕೈಚೀಲಗಳು ವ್ಯಾಪಾರಿಗಳ ಹಡಗು ಹತ್ತುತ್ತಿದ್ದವು. ಕ್ರಿಸ್‌ಮಸ್‌ಗೆ ಮುಂಚಿನ ವಾರವಂತೂ ನಮ್ಮ ರಿಲೀಸ್ ವಾರದ ಹಾಗೆ. ನಿದ್ದೆ ಬಾರದಿರಲಿ ಅಂತ ಕಣ್ಣಿನ ರೆಪ್ಪೆಗೆ ಸಣ್ಣ ಕಡ್ಡಿ ಸಿಕ್ಕಿಸಿಕೊಳ್ಳುತ್ತಿದ್ದರು ಅಂತ ಜನಪದ ದಾಖಲೆಗಳು ಹೇಳುತ್ತವೆ. ಹಬ್ಬಕ್ಕೆ ಹೊಸ ಬಟ್ಟೆ ಸಿಗದವರನ್ನ ದೈತ್ಯ ಬೆಕ್ಕೊಂದು ಹಿಡಿಯುತ್ತೆ ಅನ್ನೋ ಕಥೆಯೂ ಉಂಟು. ಡೆಡ್‌ಲೈನ್‌ಗೆ ಬೆಕ್ಕಿನ ರೂಪ ಕೊಟ್ಟವರು ಅವರು! ಇಷ್ಟು ದಣಿವಿನ ನಡುವೆ ಕಥೆ ಇರಲಿಲ್ಲ ಅಂದ್ರೆ ಆ ರಾತ್ರಿಗಳನ್ನ ದಾಟೋಕಾಗ್ತಿತ್ತಾ?

ತಮಾಷೆ ಅಂದ್ರೆ, ಇದನ್ನ ನಿಲ್ಲಿಸೋಕೂ ಪ್ರಯತ್ನ ನಡೀತು. ಆಗ ಐಸ್‌ಲ್ಯಾಂಡ್ ಡೆನ್ಮಾರ್ಕಿನ ಕೈಕೆಳಗಿತ್ತು. 1746ರಲ್ಲಿ ಮನೆಯ ಶಿಸ್ತಿನ ಬಗ್ಗೆ ಒಂದು ರಾಜಾಜ್ಞೆ ಹೊರಬಂತು. ಪಾದ್ರಿಗಳು ಮನೆಮನೆಗೆ ಹೋಗಿ, ಉಪಯೋಗಕ್ಕೆ ಬಾರದ ಕಥೆಗಳನ್ನೂ ರೀಮುರ್‌ಗಳನ್ನೂ ಓದಬೇಡಿ ಅಂತ ಬುದ್ಧಿ ಹೇಳಬೇಕು. ಅದೇ ಕಾಲದಲ್ಲಿ ಚರ್ಚು ಇನ್ನೊಂದು ಕೆಲಸವನ್ನೂ ಬಿಗಿ ಮಾಡಿತು: ಪ್ರತಿ ಮಗುವೂ ಧರ್ಮದ ಪುಸ್ತಕ ಓದೋಕೆ ಕಲೀಬೇಕು. 18ನೇ ಶತಮಾನ ಮುಗಿಯೋ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲರಿಗೂ ಓದು ಬಂತು. ಓದು ಬಂದವರು ಏನು ಮಾಡಿದ್ರು? ಸಾಗಾ ಓದಿದ್ರು!

ಆದರೆ ಪುಸ್ತಕ ಎಲ್ಲಿಂದ ಬರಬೇಕು? ಅಚ್ಚಿನ ಯಂತ್ರ 1530ರ ಸುಮಾರಿಗೇ ದ್ವೀಪಕ್ಕೆ ಬಂದಿತ್ತು. ಆದರೆ ಅದು ಎರಡು ಶತಮಾನಕ್ಕೂ ಹೆಚ್ಚು ಕಾಲ ಚರ್ಚಿನ ಕೈಯಲ್ಲಿತ್ತು, ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಧರ್ಮದ ಪುಸ್ತಕ. ಆದ್ದರಿಂದ ರೈತರೇ ಕಥೆಗಳನ್ನ ಕೈಯಲ್ಲಿ ನಕಲು ಮಾಡ್ಕೊಂಡ್ರು. ಒಬ್ಬರಿಂದ ಕಡ ತಂದು, ಬರೆದುಕೊಂಡು, ವಾಪಸ್ ಕೊಡೋದು. ಈ ಅಭ್ಯಾಸ 20ನೇ ಶತಮಾನದ ಹೊಸ್ತಿಲವರೆಗೂ ಉಳಿಯಿತು. 1922ರಲ್ಲಿ ತೀರಿಕೊಂಡ ಮ್ಯಾಗ್ನೂಸ್ ಯೋನ್‌ಸನ್ ಎಂಬ ರೈತ ಸಂಪುಟದ ಮೇಲೆ ಸಂಪುಟ ಸಾಗಾಗಳನ್ನ ಕೈಬರಹದಲ್ಲೇ ತಯಾರಿಸಿದ್ದ. ಇನ್ನೊಂದು ಕಡೆ, ಹಳೆಯ ಚರ್ಮದ ಹಾಳೆಗಳ ಗತಿ ನೋಡಿ: 1700ರ ಆಸುಪಾಸಿನಲ್ಲಿ ಆರ್ನಿ ಮ್ಯಾಗ್ನುಸನ್ ಎಂಬ ವಿದ್ವಾಂಸ ಹಸ್ತಪ್ರತಿ ಹುಡುಕಿಕೊಂಡು ಮನೆಮನೆ ಅಲೆದ. ಅವನ ಸಂಗ್ರಹದಲ್ಲಿ ಬಟ್ಟೆ ಹೊಲಿಯೋಕೆ ಅಳತೆಯ ಮಾದರಿಯಾಗಿ ಕತ್ತರಿಸಿದ ಹಾಳೆಯೂ ಇದೆ. ಹಾಳೆ ದರ್ಜಿಯ ಪಾಲಾದರೂ ಕಥೆ ಉಳಿದದ್ದು, ಪ್ರತಿ ಚಳಿಗಾಲವೂ ಯಾರಿಗೋ ಅದು ಬೇಕಾಗಿತ್ತು ಅನ್ನೋ ಕಾರಣಕ್ಕೆ.

ನನಗೆ ಈ ಇತಿಹಾಸದಲ್ಲಿ ಮುಖ್ಯ ಅನ್ನಿಸೋದು ಇದೇ. ಸಾಗಾಗಳು ಇವತ್ತು ಜಗತ್ತಿನ ದೊಡ್ಡ ಸಾಹಿತ್ಯ. ಅವನ್ನ ಕಾಪಾಡಿದವರಲ್ಲಿ ವಿದ್ವಾಂಸರಿಗಿಂತ ಮೊದಲು ಬರೋರು ತೂಕಡಿಸದೆ ಕಾಲುಚೀಲ ಹೆಣೆಯಬೇಕಾಗಿದ್ದ ಜನ. ಅವರಿಗೆ ಅದು ಪರಂಪರೆಯೂ ಆಗಿರಲಿಲ್ಲ, ಕ್ಲಾಸಿಕ್ಕೂ ಆಗಿರಲಿಲ್ಲ. ಟೈಂಪಾಸ್ ಆಗಿತ್ತು. ಪಂಡಿತರು ಆ ಟೈಂಪಾಸನ್ನ ಬೈದದ್ದೂ ಇದೆ. ಯೋನಾಸ್ ಹಾಲ್‌ಗ್ರಿಮ್‌ಸನ್ ಎಂಬ ದೊಡ್ಡ ಕವಿ 1837ರಲ್ಲಿ 'ಫ್ಯೋಲ್ನಿರ್' ಪತ್ರಿಕೆಯಲ್ಲಿ, ಆಗಿನ ಜನಪ್ರಿಯ ರೀಮುರ್ ಕವಿಯೊಬ್ಬನ ಚರ್ಮ ಸುಲಿಯುವ ಹಾಗೆ ವಿಮರ್ಶೆ ಬರೆದ. ಜನ ಮಾತ್ರ ರೀಮುರ್ ಕೇಳೋದು ಬಿಡಲಿಲ್ಲ.

ಹಾಗಾದ್ರೆ ಇದು ನಿಂತದ್ದು ಹೇಗೆ? ಬೈಗುಳದಿಂದಲ್ಲ, ಅನುಕೂಲದಿಂದ. ಸೀಮೆಎಣ್ಣೆ ದೀಪ, ಒಲೆಯ ಬಿಸಿ, ಬೇರೆಬೇರೆ ಕೋಣೆ, ಪೇಟೆಯ ಕೆಲಸ ಬಂದ ಹಾಗೆ ಎಲ್ಲರೂ ಒಂದೇ ದೀಪದ ಸುತ್ತ ಕೂರುವ ಅಗತ್ಯ ಹೋಯಿತು. ಆದರೂ ಆ ಜನ ಪೂರ್ತಿ ಕೈಬಿಡಲಿಲ್ಲ. 1930ರ ಡಿಸೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ರೇಡಿಯೋ ಸಾಗಾಗಳನ್ನ ಓದಿ ಕೇಳಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇರೆ ಸಾಮಾನು ಸಿಗದೆ ಇದ್ದಾಗ ಕ್ರಿಸ್‌ಮಸ್‌ಗೆ ಪುಸ್ತಕ ಉಡುಗೊರೆ ಕೊಡುವ ರೂಢಿ ಬಲವಾಯಿತು. ಇವತ್ತಿಗೂ ವರ್ಷದ ಹೊಸ ಪುಸ್ತಕಗಳು ಹೆಚ್ಚಾಗಿ ಬರೋದು ಹಬ್ಬದ ಮುಂಚೆಯೇ. 1966ರಲ್ಲಿ ಅವರದೇ ಟಿವಿ ಬಂದಾಗ ಗುರುವಾರ ಪ್ರಸಾರಕ್ಕೆ ರಜಾ. ಆ ರಜಾ 1987ರವರೆಗೂ ಮುಂದುವರಿಯಿತು! 1971ರ ಏಪ್ರಿಲ್‌ನಲ್ಲಿ ಡೆನ್ಮಾರ್ಕಿನಿಂದ ಹಡಗಿನಲ್ಲಿ ಎರಡು ಪ್ರಮುಖ ಹಸ್ತಪ್ರತಿಗಳು ವಾಪಸ್ ಬಂದಾಗ, ಅವನ್ನ ಬರಮಾಡಿಕೊಳ್ಳೋಕೆ ರೇಕ್ಯಾವಿಕ್ ಬಂದರಿನಲ್ಲಿ ಜನಸಾಗರವೇ ಸೇರಿತ್ತು.

ಈಗ ನಾವು ಕೋಡ್ ಬರೀತಾ, ಪಾತ್ರೆ ತೊಳೀತಾ ಪಾಡ್‌ಕಾಸ್ಟ್ ಕೇಳೋದೂ ಕೈ-ಕಿವಿಯ ಅದೇ ಹಳೇ ಲೆಕ್ಕ. ವ್ಯತ್ಯಾಸ ಒಂದೇ: ಒಂದು ಮನೆಯಲ್ಲಿ ನಾಲ್ಕು ಇಯರ್‌ಫೋನ್, ನಾಲ್ಕು ಕಥೆ. ಹಾಲ್ಗೆರ್ಡ್ ಕೂದಲು ಕೊಡಬೇಕಿತ್ತಾ ಅಂತ ಜಗಳ ಆಡೋಕೆ ಪಕ್ಕದಲ್ಲಿರೋರು ಅದೇ ಕಥೆ ಕೇಳಿರಲ್ಲ.

ಹಾಗಾಗಿ ಈ ಚಳಿಗಾಲಕ್ಕೆ ನನ್ನ ಪಟ್ಟಿ ಚಿಕ್ಕದು. ನ್ಯಾಲ್ ಸಾಗಾ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುತ್ತೆ, ಓದಿ. ಅದೇ ನಾಡಿನ, 1955ರಲ್ಲಿ ನೊಬೆಲ್ ಪಡೆದ ಹಾಲ್ಡೋರ್ ಲಾಕ್ಸ್‌ನೆಸ್‌ನ 'ಇಂಡಿಪೆಂಡೆಂಟ್ ಪೀಪಲ್' ಕಾದಂಬರಿ ಓದಿ. ಹುಲ್ಲುಮಣ್ಣಿನ ಮನೆಯ ಚಳಿ ಎಂಥದ್ದು ಅಂತ ಅದರಲ್ಲಿದೆ. ಮೂರನೆಯದಕ್ಕೆ ಸಬ್‌ಸ್ಕ್ರಿಪ್ಷನ್ ಬೇಡ. ಅವರೆಕಾಯಿ ಕಾಲ ಹೇಗೂ ಇದೇ. ಎರಡು ಕೆ.ಜಿ. ತಂದು ಮನೆಮಂದಿಯ ಮುಂದೆ ಸುರಿಯಿರಿ. ಒಬ್ಬರಿಗೆ ಮಾತ್ರ ಬಿಡಿಸೋದರಿಂದ ವಿನಾಯಿತಿ ಕೊಟ್ಟು, ಕೈಗೊಂದು ಕನ್ನಡ ಪುಸ್ತಕ ಕೊಡಿ. ಗದುಗಿನ ಭಾರತವೇ ಆದರೆ ಮೊದಲ ದಿನ ತಡವರಿಸೋದು ಖಂಡಿತ. ತಡವರಿಸಲಿ ಬಿಡಿ, ಅವರೆಕಾಯಿ ಮುಗಿಯೋಕೂ ಹೊತ್ತು ಬೇಕಲ್ವಾ?