ಆಡಿಟ್

ಕೇಳು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಮಾತಿದು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ, ಪರಿಶೋಧಕ ಕಿವಿಗೊಟ್ಟು ಕೇಳುತ್ತಿದ್ದ. ಆಡಿಯೋ, ಆಡಿಟೋರಿಯಂ ಇದರ ಒಡಹುಟ್ಟುಗಳು. ನಮ್ಮ 'ಲೆಕ್ಕಪರಿಶೋಧನೆ' ಹಣಕಾಸಿಗೆ ಸರಿ. ಡೇಟಾಬೇಸಿನಲ್ಲಿ ಆಡಿಟ್ ಎಂದರೆ ಯಾರು, ಯಾವಾಗ, ಯಾವ ಟೇಬಲ್ ಮುಟ್ಟಿದರು ಎಂಬ ಜಾಡು; 'ಜಾಡು' ಎಂಬ ಪದವೇ ನನಗಿಲ್ಲಿ ಹೆಚ್ಚು ಇಷ್ಟ.

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಈ ಜಾಡು ಹಿಡಿಯುವ ಪಿಜಿಆಡಿಟ್ ಪ್ಯಾಕೇಜ್ ಹಾಕಿದ ಮೇಲೂ ಜಾಡು ಸಿಗುತ್ತಿಲ್ಲವೇ? ಪ್ಯಾಕೇಜಿನ ಹೆಸರು ಸರ್ವರಿನ ಸೆಟ್ಟಿಂಗ್ಸ್‌ನ 'ಶೇರ್ಡ್ ಪ್ರೀಲೋಡ್ ಲೈಬ್ರರೀಸ್' ಸಾಲಿನಲ್ಲಿ ಇರಲೇಬೇಕು. ಬರೀ ರೀಲೋಡ್ ಮಾಡಿದರೆ ಸಾಲದು, ಸರ್ವರನ್ನೇ ನಿಲ್ಲಿಸಿ ಮತ್ತೆ ಶುರುಮಾಡಬೇಕು. ಆಮೇಲೂ ಮೌನವೇ ಆದರೆ 'ಪಿಜಿಆಡಿಟ್.ಲಾಗ್' ಆಯ್ಕೆ ನೋಡಿ. ಮೂಲದಲ್ಲಿ ಅದು 'ನನ್', ಅಂದರೆ ಏನೂ ಇಲ್ಲ. 'ರೀಡ್, ರೈಟ್' ಎಂದು ಬರೆದರೆ ಓದಿದ್ದು, ತಿದ್ದಿದ್ದು ಅದರ ಕಿವಿಗೆ ಬೀಳುತ್ತದೆ.